ಆಪರೇಷನ್ ನಂತರದ ನೋವು: ಓಪಿಯಾಯ್ಡ್ ಬೇಡವೆನ್ನುವವರು ಯಾರನ್ನು, ಏನೆಂದು ಕೇಳಬೇಕು?

ಈ ಸಂಚಿಕೆಗೆ ಆಯ್ದ ನಾಲ್ಕು ಪತ್ರಗಳೂ ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ಕುರಿತಾಗಿವೆ. ಮಾರ್ಫಿನ್, ಫೆಂಟಾನಿಲ್, ಪೆಥಿಡಿನ್, ಪೆಂಟಾಜೋಸಿನ್, ಟ್ರಮಡಾಲ್, ಟ್ಯಾಪೆಂಟಡಾಲ್ ಇವೆಲ್ಲ ಅಫೀಮಿನಿಂದ ಬಂದವು, ಇಲ್ಲವೇ ಅಫೀಮಿನಂತೆಯೇ ಮಿದುಳು ಮತ್ತು ಬೆನ್ನುಹುರಿಯ ಮೇಲೆ ಕೆಲಸ ಮಾಡುವಂಥವು. ಈ ಗುಂಪಿಗೆ ಓಪಿಯಾಯ್ಡ್ ಎಂದು ಹೆಸರು. ಪತ್ರ ಬರೆದವರೆಲ್ಲರೂ ಬೇರೆ ಬೇರೆ ಕಾರಣಗಳಿಂದ ಇವುಗಳನ್ನು ದೂರವಿಡಲು ಬಯಸುತ್ತಿದ್ದಾರೆ. ಉತ್ತರಿಸುವವರು ಅರಿವಳಿಕೆ ತಜ್ಞರು.

ಪ್ರಶ್ನೆ: ನನ್ನ ತಾಯಿಗೆ 69 ವರ್ಷ. ಬಲ ಮಂಡಿಯ ಕೀಲು ಬದಲಿಸಬೇಕೆಂದು ಮೂಳೆ ವೈದ್ಯರು ಹೇಳಿದ್ದಾರೆ. ಕೆಲವು ವರ್ಷಗಳ ಹಿಂದೆ ಗರ್ಭಕೋಶದ ಆಪರೇಷನ್ ಆದಾಗ ಟ್ರಮಡಾಲ್ ಇಂಜೆಕ್ಷನ್ ಕೊಟ್ಟ ಮೇಲೆ ಅವರಿಗೆ ಬಿಡದೆ ವಾಂತಿಯಾಯಿತು. ರಾತ್ರಿಯ ಹೊತ್ತು ನಮ್ಮನ್ನು ಗುರುತಿಸದೆ ಏನೇನೋ ಮಾತಾಡುತ್ತಿದ್ದರು. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇವೆ. ಈ ಸಲ ಅಂಥ ಔಷಧಗಳಿಲ್ಲದೆ ನೋವು ನಿಭಾಯಿಸುವಿರಾ ಎಂದು ಕೇಳಿದರೆ, "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ" ಎಂಬ ಉತ್ತರವಷ್ಟೇ ಸಿಕ್ಕಿತು. ಅಂಥ ತಂಡವನ್ನು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಹುಡುಕುವುದು ಹೇಗೆ? — ಓದುಗರು, ಸಾಗರ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ ನೀವು ಅದನ್ನು ಕೇಳಿದ್ದು ಮೂಳೆ ವೈದ್ಯರನ್ನು. ಕೀಲು ಬದಲಿಸುವವರು ಅವರು. ಆಪರೇಷನ್ ನಡೆಯುವಾಗ ಮತ್ತು ಮುಗಿದ ಮೇಲಿನ ಮೊದಲ ಎರಡು ಮೂರು ದಿನ ನೋವಿನ ಹೊಣೆಯನ್ನು ಬಹುಪಾಲು ಹೊರುವವರು ಅರಿವಳಿಕೆ ತಜ್ಞರು. ನಮ್ಮ ಕಡೆ ಕುಟುಂಬದವರು ಶಸ್ತ್ರಚಿಕಿತ್ಸಕರ ಹೆಸರು ಕೇಳಿ ಆಸ್ಪತ್ರೆ ಆರಿಸುತ್ತಾರೆ, ಅರಿವಳಿಕೆ ಕೊಡುವವರು ಯಾರೆಂಬುದು ಆಪರೇಷನ್ ಕೋಣೆಯ ಬಾಗಿಲಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಆಸ್ಪತ್ರೆಗೆ ನೀವು ಇಡಬೇಕಾದ ಮೊದಲ ಬೇಡಿಕೆ ಇಷ್ಟೇ: ದಿನಾಂಕ ನಿಗದಿಯಾಗುವ ಮೊದಲೇ, ಅಡ್ಮಿಟ್ ಆದ ರಾತ್ರಿಯವರೆಗೆ ಕಾಯಿಸದೆ, ಅರಿವಳಿಕೆ ತಜ್ಞರನ್ನು ಹೊರರೋಗಿ ವಿಭಾಗದಲ್ಲಿ ಭೇಟಿ ಮಾಡಿಸಬೇಕು. ಆಸ್ಪತ್ರೆಯವರು ಪಿ.ಎ.ಸಿ. ಎಂದು ಕರೆಯುವ ಅರಿವಳಿಕೆ ಪೂರ್ವ ತಪಾಸಣೆ ಎಲ್ಲ ಕಡೆಯೂ ಇರುತ್ತದೆ. ಅದನ್ನು ಒಂದೆರಡು ವಾರ ಮೊದಲೇ ಮಾಡಿಸಲು ಒಪ್ಪುವ ಆಸ್ಪತ್ರೆಯಲ್ಲಿ ಮಾತುಕತೆಗೆ ಅವಕಾಶವಿದೆ ಎಂದು ತಿಳಿಯಬಹುದು.

ಆ ಭೇಟಿಗೆ ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನೂ, ಸಾಧ್ಯವಾದರೆ ಆಗಿನ ಔಷಧಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. "ಟ್ರಮಡಾಲ್ ಅಲರ್ಜಿ" ಎಂದು ಬರೆಸುವುದಕ್ಕಿಂತ, ವಾಂತಿ ಎಷ್ಟು ಹೊತ್ತು ಇತ್ತು, ಗೊಂದಲ ಯಾವ ರಾತ್ರಿ ಶುರುವಾಗಿ ಯಾವಾಗ ಸರಿಹೋಯಿತು ಎಂಬುದನ್ನು ನಡೆದಂತೆಯೇ ಬರೆಸಿ. ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು ಅಲರ್ಜಿ. ನಿಮ್ಮ ತಾಯಿಯವರಿಗೆ ಆದದ್ದು ಬಹುಶಃ ಔಷಧದ ಅಡ್ಡಪರಿಣಾಮ. ಈ ವ್ಯತ್ಯಾಸದ ಮೇಲೆ ವೈದ್ಯರ ನಿರ್ಧಾರಗಳು ಬದಲಾಗುತ್ತವೆ. ವಯಸ್ಸಾದವರಿಗೆ ಆಪರೇಷನ್ ನಂತರ ಬರುವ ಗೊಂದಲಕ್ಕೆ ಔಷಧವೊಂದೇ ಕಾರಣವಾಗಿರಬೇಕಿಲ್ಲ. ನಿದ್ದೆಗೇಡು, ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ನಿದ್ದೆ ಮಾತ್ರೆ, ಹತೋಟಿಗೆ ಬಾರದ ನೋವು ಇವೂ ಕಾರಣವಾಗುತ್ತವೆ. ಇದನ್ನು ಒತ್ತಿ ಹೇಳುವ ಅಗತ್ಯವಿದೆ, ಏಕೆಂದರೆ ಓಪಿಯಾಯ್ಡ್ ತಪ್ಪಿಸುವ ಹಟದಲ್ಲಿ ನೋವನ್ನೇ ಸಹಿಸಿಕೊಳ್ಳಲು ಬಿಟ್ಟರೆ ಅದೇ ಗೊಂದಲ ಮರುಕಳಿಸೀತು. ತಾಯಿಯವರು ಖಿನ್ನತೆಗೆ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಮೊದಲಾದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ. ಟ್ರಮಡಾಲ್ ಜೊತೆಗೆ ಅವು ಸೇರಿದರೆ ನಡುಕ, ಜ್ವರ, ದಿಗ್ಭ್ರಮೆ ಉಂಟಾಗುವ ಅಪಾಯವಿದೆ.

ಇನ್ನು ಓಪಿಯಾಯ್ಡ್ ಅಲ್ಲದ ದಾರಿ ಯಾವುದು ಎಂಬ ವಿಚಾರ. ಡೆನ್ಮಾರ್ಕಿನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಲೆಟ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಪ್ರತಿಪಾದಿಸಿದ ತತ್ತ್ವವೊಂದಿದೆ: ಗಾಯವಾದ ಜಾಗ, ಅಲ್ಲಿಂದ ಹೊರಡುವ ನರ, ಬೆನ್ನುಹುರಿ, ಮಿದುಳು ಹೀಗೆ ನೋವು ಸಾಗುವ ದಾರಿಯ ಹಲವು ಕಡೆಗಳಲ್ಲಿ ಬೇರೆ ಬೇರೆ ಔಷಧಗಳನ್ನು ಸ್ವಲ್ಪ ಸ್ವಲ್ಪವೇ ಬಳಸಿದರೆ, ಯಾವ ಒಂದನ್ನೂ ಹೆಚ್ಚು ಪ್ರಮಾಣದಲ್ಲಿ ಕೊಡುವ ಅಗತ್ಯ ಬೀಳುವುದಿಲ್ಲ. ಮಂಡಿಯ ಆಪರೇಷನ್ನಿನಲ್ಲಿ ಇದರ ಮುಖ್ಯ ಭಾಗ ನರದ ಬ್ಲಾಕ್. ತೊಡೆಯ ಮಧ್ಯಭಾಗದಲ್ಲಿ, ಅಡಕ್ಟರ್ ಕೆನಾಲ್ ಎಂಬ ಜಾಗದಲ್ಲಿ, ಅಲ್ಟ್ರಾಸೌಂಡ್ ನೋಡುತ್ತ ರೋಪಿವಕೇನ್ ಅಥವಾ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಹಾಕುತ್ತಾರೆ. ಹಿಂದೆ ತೊಡೆಸಂದಿನಲ್ಲಿ ಫೆಮೊರಲ್ ನರಕ್ಕೇ ಬ್ಲಾಕ್ ಕೊಡುವುದು ರೂಢಿಯಾಗಿತ್ತು. ಅದರಿಂದ ನೋವು ಚೆನ್ನಾಗಿ ತಗ್ಗಿದರೂ ತೊಡೆಯ ಸ್ನಾಯುವಿನ ಬಲ ಕುಗ್ಗಿ, ಎದ್ದು ನಿಂತ ರೋಗಿ ಮಂಡಿ ಕುಸಿದು ಬೀಳುವ ಭಯವಿತ್ತು. ಅಡಕ್ಟರ್ ಕೆನಾಲ್ ಬ್ಲಾಕಿನಲ್ಲಿ ಸ್ನಾಯುವಿನ ಬಲ ಬಹುಮಟ್ಟಿಗೆ ಉಳಿಯುವುದರಿಂದ ಆಪರೇಷನ್ ಆದ ದಿನವೋ ಮರುದಿನವೋ ವಾಕರ್ ಹಿಡಿದು ನಡೆಸಬಹುದು. ಮಂಡಿಯ ಹಿಂಭಾಗದ ನೋವಿಗೆ ಐಪ್ಯಾಕ್ ಎಂಬ ಇನ್ನೊಂದು ಬ್ಲಾಕ್ ಇದೆ. ಇದಲ್ಲದೆ ಶಸ್ತ್ರಚಿಕಿತ್ಸಕರೇ ಗಾಯ ಹೊಲಿಯುವ ಮೊದಲು ಕೀಲಿನ ಸುತ್ತಲ ಊತಕಗಳಿಗೆ ಮರಗಟ್ಟಿಸುವ ಔಷಧದ ಮಿಶ್ರಣವನ್ನು ಚುಚ್ಚುವ ವಿಧಾನವಿದೆ. ಇದನ್ನು ಆಸ್ಟ್ರೇಲಿಯಾದ ಸಿಡ್ನಿಯ ಇಬ್ಬರು ವೈದ್ಯರು 2008ರಲ್ಲಿ ವಿವರವಾಗಿ ಪ್ರಕಟಿಸಿದ ಮೇಲೆ ಅನೇಕ ದೇಶಗಳಲ್ಲಿ ಬಳಕೆಗೆ ಬಂತು. ಬ್ಲಾಕ್ ಮಾಡಬಲ್ಲ ಅರಿವಳಿಕೆ ತಜ್ಞರು ಸಿಗದ ಊರಿನಲ್ಲಿಯೂ ಈ ವಿಧಾನ ಸಾಧ್ಯ ಎಂಬುದನ್ನು ಗಮನದಲ್ಲಿಡಿ.

ಈ ಬ್ಲಾಕ್‌ಗಳ ತಳಹದಿಯಾಗಿ ಪ್ಯಾರಸಿಟಮಾಲ್ ಇರಬೇಕು. ಅದನ್ನು ನೋವು ಬಂದಾಗ ಕೊಡುವುದಲ್ಲ, ಗಡಿಯಾರ ನೋಡಿ ಆರು ಗಂಟೆಗೊಮ್ಮೆ ಕೊಡಬೇಕು. ದಿನಕ್ಕೆ 4 ಗ್ರಾಂ ಮೇಲ್ಮಿತಿ. ತೂಕ ಕಡಿಮೆಯಿದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಊತ ತಗ್ಗಿಸುವ ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್, ಡೈಕ್ಲೊಫೆನಾಕ್, ಕೆಟೊರೊಲಾಕ್ ಮುಂತಾದವು ಮಂಡಿಯ ನೋವಿಗೆ ಬಹಳ ಉಪಯುಕ್ತ, ಆದರೆ ನಿಮ್ಮ ತಾಯಿಯವರ ವಿಷಯದಲ್ಲಿ ಇಲ್ಲೇ ಎಚ್ಚರ ಬೇಕಾಗಿರುವುದು. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡೂ ಇರುವವರ ಮೂತ್ರಪಿಂಡಗಳು ಮೊದಲೇ ದಣಿದಿರಬಹುದು. ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ಫಲಿತಾಂಶ ನೋಡದೆ ಇವನ್ನು ಕೊಡಬಾರದು. ಕೊಟ್ಟರೂ ಕೆಲವೇ ದಿನಗಳ ಮಟ್ಟಿಗೆ. ಕೆಟೊರೊಲಾಕ್ ಅಂತೂ ಐದು ದಿನ ಮೀರಬಾರದು. ಹೃದಯದ ತೊಂದರೆ, ಹೊಟ್ಟೆಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇವುಗಳ ಪೈಕಿ ಯಾವುದಿದ್ದರೂ ಲೆಕ್ಕ ಬದಲಾಗುತ್ತದೆ. ವಾಂತಿಗೂ ನೋವಿಗೂ ಸಹಾಯಕವಾದ ಡೆಕ್ಸಾಮೆಥಸೋನ್ ಒಂದು ಡೋಸ್ ಕೊಡುವುದು ಸಾಮಾನ್ಯ. ಅದರಿಂದ ಒಂದೆರಡು ದಿನ ಸಕ್ಕರೆ ಏರುತ್ತದೆ, ಇನ್ಸುಲಿನ್ ಹೊಂದಿಸಿಕೊಳ್ಳಬೇಕಾಗುತ್ತದೆ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಮಾತ್ರೆಗಳನ್ನು "ಇದು ಓಪಿಯಾಯ್ಡ್ ಅಲ್ಲ" ಎಂದು ಹೇಳಿ ಕೊಡುವುದುಂಟು. ಮಾತು ನಿಜ, ಆದರೆ ವಯಸ್ಸಾದವರಿಗೆ ಅವು ಮಂಪರು, ತಲೆಸುತ್ತು ತರುತ್ತವೆ. ಉಸಿರಾಟ ಕುಗ್ಗುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2019ರ ಡಿಸೆಂಬರ್‌ನಲ್ಲಿ ಎಚ್ಚರಿಕೆಯನ್ನೂ ಪ್ರಕಟಿಸಿದೆ. ಹಿಂದೊಮ್ಮೆ ಗೊಂದಲಕ್ಕೀಡಾಗಿದ್ದ 69 ವರ್ಷದವರಿಗೆ ನಾನು ಅವನ್ನು ರೂಢಿಯಂತೆ ಬರೆಯುವುದಿಲ್ಲ.

ಓಪಿಯಾಯ್ಡ್ ಬೇಡವೆಂದು ಹೇಳಿದ ಮೇಲೂ ಅದು ಒಳಬರುವ ಮೂರು ದಾರಿಗಳಿವೆ, ಮತ್ತು ಇವುಗಳ ಬಗ್ಗೆ ರೋಗಿಯ ಮನೆಯವರಿಗೆ ಯಾರೂ ಹೇಳುವುದಿಲ್ಲ. ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ನಿನಲ್ಲಿ ಬುಪಿವಕೇನ್ ಜೊತೆಗೆ ಸ್ವಲ್ಪ ಫೆಂಟಾನಿಲ್ ಅಥವಾ ಮಾರ್ಫಿನ್ ಬೆರೆಸುವ ಪದ್ಧತಿಯಿದೆ. ಹಾಗೆ ಹಾಕಿದ ಮಾರ್ಫಿನ್ ಬಹಳ ಕಡಿಮೆ ಪ್ರಮಾಣದ್ದಾದರೂ ತುರಿಕೆ, ವಾಂತಿ, ಮೂತ್ರ ಕಟ್ಟುವುದು ಇವೆಲ್ಲವನ್ನೂ ತರಬಲ್ಲದು. ಎರಡನೆಯದು ತೋಳಿಗೋ ಎದೆಗೋ ಅಂಟಿಸುವ ಪ್ಯಾಚ್. ಡೈಕ್ಲೊಫೆನಾಕ್ ಪ್ಯಾಚ್ ಬೇರೆ, ಬ್ಯುಪ್ರೆನಾರ್ಫಿನ್ ಪ್ಯಾಚ್ ಬೇರೆ. ಬ್ಯುಪ್ರೆನಾರ್ಫಿನ್ ಓಪಿಯಾಯ್ಡ್, ಆ ಪ್ಯಾಚಿನಿಂದ ಔಷಧ ದಿನಗಟ್ಟಲೆ ಮೈಗೆ ಇಳಿಯುತ್ತಿರುತ್ತದೆ, ಕಿತ್ತು ತೆಗೆದ ಮೇಲೂ ಪರಿಣಾಮ ತಕ್ಷಣ ನಿಲ್ಲುವುದಿಲ್ಲ. ಮೂರನೆಯದು ಮನೆಗೆ ಕಳುಹಿಸುವಾಗ ಬರೆದುಕೊಡುವ ಮಾತ್ರೆ. ಪ್ಯಾರಸಿಟಮಾಲ್ 325 ಮಿಲಿಗ್ರಾಂ ಜೊತೆಗೆ ಟ್ರಮಡಾಲ್ 37.5 ಮಿಲಿಗ್ರಾಂ ಬೆರೆತ ಮಾತ್ರೆಗಳು ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹಲವು ಹೆಸರಿನಲ್ಲಿ ಸಿಗುತ್ತವೆ. ಚೀಟಿಯಲ್ಲಿ ಕಾಣುವುದು ಕಂಪನಿಯ ಹೆಸರು ಮಾತ್ರ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಒಳವಸ್ತುಗಳ ಹೆಸರನ್ನು ನೀವೇ ಓದಬೇಕು. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್.ಡಿ.ಪಿ.ಎಸ್. ಕಾಯ್ದೆಯ ವ್ಯಾಪ್ತಿಗೆ ಬಂದಿದ್ದರೂ ವೈದ್ಯರ ಚೀಟಿಯ ಮೇಲೆ ಅದು ಧಾರಾಳವಾಗಿ ಬಳಕೆಯಲ್ಲಿದೆ.

ಈಗ ತಂಡದ ಆಯ್ಕೆಗೆ ಬರೋಣ. ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಹುಬ್ಬಳ್ಳಿಯಂಥ ಕಡೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗಗಳೇ ಇರುತ್ತವೆ. ನಿಮ್ಮ ಶಿವಮೊಗ್ಗದಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕೀಲು ಬದಲಾವಣೆ ಹೆಚ್ಚು ನಡೆಯುವ ಖಾಸಗಿ ಆಸ್ಪತ್ರೆಗಳಲ್ಲಿ ಬ್ಲಾಕ್‌ಗಳು ದಿನನಿತ್ಯದ ಕೆಲಸ. ನಿಜವಾದ ವ್ಯತ್ಯಾಸ ಕಾಣುವುದು ರಾತ್ರಿಯ ಹೊತ್ತು. ಸಣ್ಣ ಊರಿನ ನರ್ಸಿಂಗ್ ಹೋಮ್‌ಗಳಲ್ಲಿ ಅರಿವಳಿಕೆ ತಜ್ಞರು ಒಂದು ಕಡೆ ಕೇಸ್ ಮುಗಿಸಿ ಇನ್ನೊಂದು ಕಡೆಗೆ ಹೋಗುವವರು. ಅವರ ಕೈಗುಣ ಎಷ್ಟೇ ಚೆನ್ನಾಗಿರಲಿ, ರಾತ್ರಿ ಎರಡು ಗಂಟೆಗೆ ನೋವು ಎದ್ದಾಗ ವಾರ್ಡಿನಲ್ಲಿರುವುದು ನರ್ಸ್ ಮತ್ತು ಡ್ಯೂಟಿ ಡಾಕ್ಟರ್. ಅವರ ಕೈಗೆ ಸುಲಭವಾಗಿ ಸಿಗುವುದು ಟ್ರಮಡಾಲ್ ಇಂಜೆಕ್ಷನ್. ಆದ್ದರಿಂದ ನಾನು ಬಹಳ ಬೆಲೆ ಕೊಡುವ ಪ್ರಶ್ನೆ ಇದು: "ಬ್ಲಾಕಿನ ಪರಿಣಾಮ ಇಳಿದ ಮೇಲೆ, ಎರಡನೆಯ ರಾತ್ರಿ, ನೋವು ಹೆಚ್ಚಾದರೆ ಮೊದಲು ಏನು ಕೊಡುತ್ತೀರಿ, ಆಮೇಲೆ ಏನು, ಯಾರಿಗೆ ಫೋನ್ ಮಾಡುತ್ತೀರಿ?" ಒಂದೇ ಸಲ ಹಾಕಿದ ಬ್ಲಾಕ್ ಸುಮಾರು 12ರಿಂದ 24 ಗಂಟೆ ಕೆಲಸ ಮಾಡುತ್ತದೆ. ಅದು ಇಳಿಯುವಾಗ ನೋವು ಒಮ್ಮೆಲೇ ಏರುವುದುಂಟು, ಹಾಗಾಗಿ ಇಳಿಯುವ ಮೊದಲೇ ಮಾತ್ರೆಗಳು ಹೊಟ್ಟೆಯಲ್ಲಿರಬೇಕು. ತೆಳುವಾದ ನಳಿಕೆಯನ್ನು ನರದ ಪಕ್ಕದಲ್ಲೇ ಇಟ್ಟು ಎರಡು ಮೂರು ದಿನ ಔಷಧ ಹರಿಸುವ ವ್ಯವಸ್ಥೆಯೂ ಕೆಲವು ಕಡೆ ಇದೆ. ಈ ಪ್ರಶ್ನೆಗೆ ತಡವರಿಸದೆ, ಔಷಧದ ಹೆಸರು ಹೇಳಿ ಉತ್ತರಿಸುವವರ ಬಳಿ ಯೋಜನೆಯಿದೆ ಎಂದರ್ಥ. "ಆಗ ನೋಡೋಣ" ಎನ್ನುವವರ ಬಳಿ ಇಲ್ಲ.

ಆಪರೇಷನ್ ಕೋಣೆಯಲ್ಲಿ ಅಲ್ಟ್ರಾಸೌಂಡ್ ಯಂತ್ರ ಇದೆಯೇ ಎಂದು ಕೇಳುವುದೂ ಒಳ್ಳೆಯದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಇಂಥ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು. ಅರಿವಳಿಕೆ ತಜ್ಞರು ತಮ್ಮ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಊರೂರು ತಿರುಗುವುದು ಸುಲಭವಲ್ಲ. ಹಾಗೆಂದು ಯಂತ್ರವಿಲ್ಲದ ಕಡೆ ಬ್ಲಾಕ್ ಅಸಾಧ್ಯವೇನಲ್ಲ, ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಗುರುತಿಸುವ ಹಳೆಯ ಸಾಧನದಿಂದ ಪಳಗಿದವರು ಚೆನ್ನಾಗಿಯೇ ಮಾಡುತ್ತಾರೆ. ಮರಗಟ್ಟಿಸುವ ಔಷಧ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಲೂಬಹುದು. ಅದಕ್ಕೆ ಮದ್ದಾದ ಶೇ. 20ರ ಲಿಪಿಡ್ ದ್ರಾವಣ ಕೋಣೆಯಲ್ಲಿ ಇರಲೇಬೇಕು. ರೋಗಿಯ ಮನೆಯವರು ಇದನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ. ಹಾಗೆಯೇ, ಪ್ಯಾಕೇಜ್ ದರದಲ್ಲಿ ಬ್ಲಾಕಿನ ಖರ್ಚು ಸೇರಿದೆಯೋ ಇಲ್ಲವೋ ಎಂಬುದನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ, "ನಾವು ಒಂದು ಹನಿ ಓಪಿಯಾಯ್ಡನ್ನೂ ಮುಟ್ಟುವುದಿಲ್ಲ" ಎಂದು ಆಣೆ ಮಾಡುವವರಿಗಿಂತ, "ಮೊದಲು ಇವೆಲ್ಲ, ಇವು ಸಾಲದಿದ್ದರೆ ಮಾತ್ರ ಇಂಥ ಓಪಿಯಾಯ್ಡನ್ನು ಇಷ್ಟೇ ಪ್ರಮಾಣದಲ್ಲಿ, ವಾಂತಿಗೆ ಮದ್ದು ಕೊಟ್ಟು, ನಿಗಾದಲ್ಲಿಟ್ಟು ಕೊಡುತ್ತೇವೆ, ಟ್ರಮಡಾಲ್ ಕೊಡುವುದಿಲ್ಲ" ಎನ್ನುವವರ ಮೇಲೆ ನನಗೆ ಹೆಚ್ಚು ನಂಬಿಕೆ. ಅರಿವಳಿಕೆಯಲ್ಲಿ ಓಪಿಯಾಯ್ಡನ್ನು ಸಂಪೂರ್ಣ ಕೈಬಿಡುವ ಪ್ರಯೋಗಗಳು ನಡೆದಿವೆ. ಫ್ರಾನ್ಸಿನ ಹಲವು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಓಪಿಯಾಯ್ಡಿಗೆ ಬದಲಾಗಿ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮಂಪರು ತರುವ ಔಷಧ ಪಡೆದ ಕೆಲವರ ಹೃದಯಬಡಿತ ಅಪಾಯದ ಮಟ್ಟಕ್ಕೆ ಇಳಿದು, ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಬದಲಿ ಔಷಧಗಳಿಗೂ ಅವುಗಳದೇ ಅಪಾಯಗಳಿವೆ. ಒಪ್ಪಿಕೊಂಡ ಯೋಜನೆಯನ್ನು ಕೇಸ್ ಶೀಟಿನಲ್ಲಿ ಬರೆಯಲು ಕೇಳಿಕೊಳ್ಳಿ. ಬಾಯಿಮಾತು ರಾತ್ರಿ ಪಾಳಿಯ ಸಿಬ್ಬಂದಿಗೆ ತಲುಪುವುದಿಲ್ಲ.

ಪ್ರಶ್ನೆ: ನನ್ನ ತಮ್ಮ ಮೂತ್ರಪಿಂಡದ ಕಲ್ಲಿನ ನೋವಿಗೆಂದು ತೆಗೆದುಕೊಳ್ಳುತ್ತಿದ್ದ ಇಂಜೆಕ್ಷನ್ನಿಗೇ ದಾಸನಾಗಿ, ಚಿಕಿತ್ಸೆ ಪಡೆದು ಈಗ ಸುಧಾರಿಸಿದ್ದಾನೆ. ದಿನಾ ನಾಲ್ಟ್ರೆಕ್ಸೋನ್ ಮಾತ್ರೆ ನುಂಗುತ್ತಾನೆ. ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಆಗಬೇಕಿದೆ. ಹಳೆಯ ವಿಷಯ ತಿಳಿದರೆ ಆಸ್ಪತ್ರೆಯವರು ಅವನನ್ನು ಕೀಳಾಗಿ ಕಾಣುತ್ತಾರೆಂದು ಮನೆಯಲ್ಲಿ ಎಲ್ಲರೂ ಮುಚ್ಚಿಡಲು ಹೇಳುತ್ತಿದ್ದಾರೆ. — ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಮುಚ್ಚಿಡಬೇಡಿ. ಮರ್ಯಾದೆಯ ಪ್ರಶ್ನೆ ನನಗೆ ಅರ್ಥವಾಗುತ್ತದೆ, ಆದರೆ ಈ ಸಂಗತಿಯನ್ನು ಅರಿವಳಿಕೆ ತಜ್ಞರಿಗೆ ಹೇಳದಿದ್ದರೆ ನಿಮ್ಮ ತಮ್ಮನ ಪ್ರಾಣಕ್ಕೇ ತೊಂದರೆ. ನಾಲ್ಟ್ರೆಕ್ಸೋನ್ ದೇಹದಲ್ಲಿ ಓಪಿಯಾಯ್ಡ್ ಕೆಲಸ ಮಾಡುವ ಜಾಗಗಳನ್ನೇ ಮುಚ್ಚಿಬಿಡುತ್ತದೆ. ಅದು ತಿಳಿಯದ ವೈದ್ಯರು ಔಷಧ ಹಿಡಿಸುತ್ತಿಲ್ಲವೆಂದು ಪ್ರಮಾಣ ಏರಿಸುತ್ತ ಹೋಗಬಹುದು, ಆಮೇಲೆ ನಾಲ್ಟ್ರೆಕ್ಸೋನ್ ಪ್ರಭಾವ ಇಳಿದಾಗ ಉಸಿರಾಟ ನಿಲ್ಲುವ ಅಪಾಯ ಎದುರಾಗಬಹುದು.

ಯೋಜಿತ ಆಪರೇಷನ್ನಿಗೆ ಮೊದಲು, ಓಪಿಯಾಯ್ಡ್ ಬೇಕಾಗಬಹುದಾದ ಸಂದರ್ಭದಲ್ಲಿ, ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಮುಂಚೆ ನಿಲ್ಲಿಸುತ್ತಾರೆ. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆಗಿದ್ದರೆ ಸುಮಾರು ನಾಲ್ಕು ವಾರ ಅಂತರ ಬೇಕು. ಆದರೆ ನಿಲ್ಲಿಸಿದ ಆ ದಿನಗಳಲ್ಲಿ ಹಳೆಯ ಚಟಕ್ಕೆ ಬಾಗಿಲು ತೆರೆದಂತಾಗುತ್ತದೆ. ಆದ್ದರಿಂದ ನಿಲ್ಲಿಸಬೇಕೇ, ಯಾವಾಗ, ಮತ್ತೆ ಶುರು ಮಾಡುವುದು ಯಾವಾಗ ಎಂಬುದನ್ನು ಅವನಿಗೆ ಚಿಕಿತ್ಸೆ ಕೊಡುತ್ತಿರುವ ಮನೋವೈದ್ಯರೂ ಅರಿವಳಿಕೆ ತಜ್ಞರೂ ಮಾತಾಡಿಕೊಂಡು ತೀರ್ಮಾನಿಸಬೇಕು, ಮನೆಯವರು ತೀರ್ಮಾನಿಸಬಾರದು. ಆಪರೇಷನ್ನಿನಲ್ಲಿ ಓಪಿಯಾಯ್ಡ್ ಕೊಟ್ಟಿದ್ದರೆ, ಮೈಯಿಂದ ಅದು ಪೂರ್ತಿ ಹೋಗುವ ಮೊದಲು ನಾಲ್ಟ್ರೆಕ್ಸೋನ್ ನುಂಗಿದರೆ ಚಟದ ಔಷಧವನ್ನು ಒಮ್ಮೆಲೇ ಬಿಟ್ಟಾಗ ಆಗುವಂಥ ಯಾತನೆಯ (ವಿತ್‌ಡ್ರಾವಲ್) ಲಕ್ಷಣಗಳು ತೀವ್ರವಾಗಿ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ 7ರಿಂದ 10 ದಿನ ಕಾಯಲು ಹೇಳುತ್ತಾರೆ. ಅವನು ಚಿಕಿತ್ಸೆಯ ನಂಟು ಕಳೆದುಕೊಂಡಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಇದೇ ಪರಿಸ್ಥಿತಿಯಲ್ಲಿ ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿರುವ ಓದುಗರಿದ್ದರೆ ಅವರಿಗೊಂದು ಮಾತು: ಅದನ್ನು ಆಪರೇಷನ್ನಿಗಾಗಿ ನಿಲ್ಲಿಸದೆ ಮುಂದುವರಿಸುವುದೇ ಈಗಿನ ಸಾಮಾನ್ಯ ಸಲಹೆ. ನಾಲ್ಟ್ರೆಕ್ಸೋನಿನ ನಿಯಮವನ್ನು ಅದಕ್ಕೆ ಅನ್ವಯಿಸಬೇಡಿ.

ಸಮಾಧಾನದ ಸಂಗತಿಯೆಂದರೆ, ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವುದು ಓಪಿಯಾಯ್ಡ್ ಇಲ್ಲದೆ ನಿಭಾಯಿಸಲು ಬಹಳ ಅನುಕೂಲವಾದ ಆಪರೇಷನ್. ಉಪಕರಣ ತೂರಿಸುವ ಸಣ್ಣ ರಂಧ್ರಗಳ ಸುತ್ತ ಬುಪಿವಕೇನ್, ರಕ್ತನಾಳದ ಮೂಲಕ ಪ್ಯಾರಸಿಟಮಾಲ್, ಊತ ತಗ್ಗಿಸುವ ಒಂದು ಔಷಧ, ಒಂದು ಡೋಸ್ ಡೆಕ್ಸಾಮೆಥಸೋನ್ ಇಷ್ಟರಲ್ಲೇ ಬಹಳ ಮಂದಿಯ ನೋವು ಹತೋಟಿಗೆ ಬರುತ್ತದೆ. ಮೂತ್ರಪಿಂಡದ ಹಿನ್ನೆಲೆ ಇರುವುದರಿಂದ ಕ್ರಿಯಾಟಿನಿನ್ ನೋಡಿಯೇ ಮುಂದುವರಿಯಬೇಕು. ಹೊಟ್ಟೆಗೆ ತುಂಬಿದ ಅನಿಲದಿಂದ ಒಂದೆರಡು ದಿನ ಭುಜ ನೋಯುವುದುಂಟು, ಅದಕ್ಕೆ ಗಾಬರಿ ಬೇಡ. ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ತಂಡವನ್ನು ಆರಿಸುವಾಗ ನೀವು ಗಮನಿಸಬೇಕಾದದ್ದು, ಹಳೆಯ ಚಟದ ವಿಷಯ ಕೇಳಿದಾಗ ವೈದ್ಯರ ಮುಖ ಮತ್ತು ಮಾತು. "ಒಳ್ಳೆಯದಾಯಿತು, ಮೊದಲೇ ಹೇಳಿದಿರಿ" ಎನ್ನುವವರ ಬಳಿ ಹೋಗಿ. ನೋವೆಂದು ತಮ್ಮ ಹೇಳಿದಾಗಲೆಲ್ಲ ನಾಟಕವೆಂದು ಭಾವಿಸುವವರ ಕೈಯಲ್ಲಿ ಅವನಿಗೆ ಬರೀ ನೋವಷ್ಟೇ ಸಿಗುತ್ತದೆ, ಮತ್ತು ಹತೋಟಿಗೆ ಬಾರದ ನೋವೇ ಅವನನ್ನು ಹಳೆಯ ದಾರಿಗೆ ಎಳೆಯಬಹುದು. ಮನೆಗೆ ಬಂದ ಮೇಲೆ ಔಷಧಗಳು ನಿಮ್ಮ ಕೈಯಲ್ಲಿರಲಿ. ಇದನ್ನು ಅವನೊಂದಿಗೆ ಮೊದಲೇ ಮಾತಾಡಿ, ಅವನ ಒಪ್ಪಿಗೆಯಿಂದಲೇ ಮಾಡಿ.

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್‌ನಲ್ಲಿದ್ದೇವೆ. ನನ್ನ ಯಜಮಾನರಿಗೆ 46 ವರ್ಷ. ಭುಜದ ಸ್ನಾಯು ಹರಿದು ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಇಲ್ಲಿ ಓಪಿಯಾಯ್ಡ್ ಮಾತ್ರೆಗಳಿಂದ ಹಾಳಾದವರ ಕತೆಗಳನ್ನು ಕೇಳಿ ಭಯವಾಗಿದೆ. ಹೊಸ ಮಾತ್ರೆಯೊಂದು ಬಂದಿದೆಯಂತೆ, ಅದನ್ನೇ ಕೇಳಬಹುದೇ? — ಓದುಗರು, ಟ್ರಾಯ್

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಆ ದೇಶದಲ್ಲಿ 2021 ಮತ್ತು 2022ರಲ್ಲಿ ವರ್ಷಕ್ಕೆ 80,000ಕ್ಕೂ ಹೆಚ್ಚು ಮಂದಿ ಓಪಿಯಾಯ್ಡ್ ಅತಿಸೇವನೆಯಿಂದ ಸತ್ತರು. ಅವರಲ್ಲಿ ಹೆಚ್ಚಿನವರ ಸಾವಿಗೆ ಕಾರಣವಾದದ್ದು ಕಳ್ಳಮಾರ್ಗದ ಫೆಂಟಾನಿಲ್. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲು ಓಪಿಯಾಯ್ಡ್ ಬಳಸದೆ ಇದ್ದವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದ ಮೇಲೂ ಅವನ್ನು ಪಡೆಯುತ್ತಿದ್ದರು. ಸಣ್ಣ ಆಪರೇಷನ್ ಆಗಲಿ ದೊಡ್ಡದಾಗಲಿ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ಮಾತ್ರೆ ಮುಂದುವರಿದದ್ದಕ್ಕೆ ಗಾಯದ ನೋವೊಂದೇ ಕಾರಣವಾಗಿರಲಿಲ್ಲ. ಅದೇ ವಿಶ್ವವಿದ್ಯಾಲಯದಿಂದ ಹುಟ್ಟಿದ 'ಓಪನ್' ಎಂಬ ಸಂಸ್ಥೆ ಯಾವ ಆಪರೇಷನ್ನಿಗೆ ಹೆಚ್ಚೆಂದರೆ ಎಷ್ಟು ಮಾತ್ರೆ ಸಾಕು ಎಂಬ ಸಲಹೆಗಳನ್ನು ಪ್ರಕಟಿಸುತ್ತದೆ. ನಿಮ್ಮ ಶಸ್ತ್ರಚಿಕಿತ್ಸಕರು ಅದನ್ನು ಪಾಲಿಸುತ್ತಾರೆಯೇ ಎಂದು ಕೇಳುವುದು ನಿಮ್ಮ ಊರಿನಲ್ಲಿ ತೀರ ಸಹಜವಾದ ಪ್ರಶ್ನೆ. ಓಪಿಯಾಯ್ಡ್ ಬೇಡವೆಂದು ರೋಗಿ ಮುಂಚಿತವಾಗಿ ಸಹಿ ಮಾಡಿಕೊಡುವ ನಮೂನೆಯೊಂದು ನಿಮ್ಮ ರಾಜ್ಯದಲ್ಲಿದೆ. ಬೇಕೆನಿಸಿದಾಗ ಅದನ್ನು ಹಿಂಪಡೆಯಲೂಬಹುದು.

ಭುಜದ ಈ ಶಸ್ತ್ರಚಿಕಿತ್ಸೆ ಬಹಳ ನೋಯುವಂಥದ್ದು. ಆದ್ದರಿಂದ ಬ್ಲಾಕ್ ಇಲ್ಲದೆ ಓಪಿಯಾಯ್ಡ್ ತಪ್ಪಿಸುವ ಮಾತು ಆಡಬಾರದು. ಕುತ್ತಿಗೆಯ ಬುಡದಲ್ಲಿ ಕೊಡುವ ಇಂಟರ್‌ಸ್ಕೇಲೀನ್ ಬ್ಲಾಕ್ ಇದಕ್ಕೆ ಹೇಳಿಮಾಡಿಸಿದ್ದು, ಆದರೆ ಅದು ಅದೇ ಬದಿಯ ವಪೆಯನ್ನೂ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ತಾತ್ಕಾಲಿಕವಾಗಿ ದುರ್ಬಲಗೊಳಿಸುತ್ತದೆ. ಆಸ್ತಮಾ, ಗೊರಕೆಯೊಂದಿಗೆ ಉಸಿರು ನಿಲ್ಲುವ ತೊಂದರೆ ಇವು ಯಜಮಾನರಿಗಿದ್ದರೆ ಮೊದಲೇ ಹೇಳಬೇಕು. ವಪೆಗೆ ಹೆಚ್ಚು ತೊಂದರೆ ಕೊಡದ ಬೇರೆ ಬ್ಲಾಕ್‌ಗಳಿವೆ. ನಿಧಾನವಾಗಿ ಬಿಡುಗಡೆಯಾಗುವ ಲೈಪೊಸೋಮಲ್ ಬುಪಿವಕೇನ್ ಅನ್ನು ಈ ಬ್ಲಾಕಿಗೆ ಬಳಸಲು ಅಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ.

ನೀವು ಕೇಳಿದ ಹೊಸ ಮಾತ್ರೆ ಸುಜೆಟ್ರಿಜಿನ್. ಎಫ್.ಡಿ.ಎ. ಅದಕ್ಕೆ 2025ರ ಜನವರಿ 30ರಂದು ವಯಸ್ಕರ ತೀವ್ರ ನೋವಿಗೆಂದು ಒಪ್ಪಿಗೆ ಕೊಟ್ಟಿತು. ನೋವಿನ ಸಂದೇಶ ಒಯ್ಯುವ ನರಗಳ ಸೋಡಿಯಂ ದ್ವಾರವೊಂದನ್ನು ಅದು ಮುಚ್ಚುತ್ತದೆ, ಮಿದುಳಿನ ಓಪಿಯಾಯ್ಡ್ ವ್ಯವಸ್ಥೆಯನ್ನು ಮುಟ್ಟುವುದಿಲ್ಲ. ಇದು ದೊಡ್ಡ ಹೆಜ್ಜೆಯೇ ಹೌದು. ಆದರೆ ಅದನ್ನು ಪರೀಕ್ಷಿಸಿದ ಮುಖ್ಯ ಪ್ರಯೋಗಗಳು ಕಾಲ್ಬೆರಳ ಮೂಳೆಯ ಮತ್ತು ಹೊಟ್ಟೆಯ ಚರ್ಮದ ಆಪರೇಷನ್‌ಗಳ ಮೇಲೆ ನಡೆದವು. ಅವುಗಳಲ್ಲಿ ಅದು ಹುಸಿಮಾತ್ರೆಗಿಂತ ಮೇಲೆಂದು ಸಾಬೀತಾಯಿತು, ಹೈಡ್ರೊಕೊಡೋನ್ ಎಂಬ ಓಪಿಯಾಯ್ಡ್ ಬೆರೆತ ಮಾತ್ರೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಅದು ಬ್ಲಾಕ್ ಮತ್ತು ಪ್ಯಾರಸಿಟಮಾಲ್ ಜೊತೆಗಿನ ಒಂದು ಸಹಾಯವಾಗಬಹುದು, ಅವುಗಳ ಜಾಗವನ್ನು ತುಂಬಲಾರದು. 2025ರಲ್ಲಿ ಮಾರುಕಟ್ಟೆಗೆ ಬಂದಾಗ 50 ಮಿಲಿಗ್ರಾಂ ಮಾತ್ರೆಯೊಂದಕ್ಕೆ ಕಂಪನಿ ನಿಗದಿಪಡಿಸಿದ ಬೆಲೆ 15.50 ಡಾಲರ್ ಆಗಿತ್ತು. ನೋಪೇನ್ ಕಾಯ್ದೆಯಡಿ 2025ರ ಜನವರಿಯಿಂದ ಓಪಿಯಾಯ್ಡ್ ಅಲ್ಲದ ಕೆಲವು ಔಷಧ, ಸಾಧನಗಳಿಗೆ ಪ್ರತ್ಯೇಕ ಪಾವತಿ ದೊರೆಯುವುದು ಮುಖ್ಯವಾಗಿ 65 ದಾಟಿದವರಿಗಿರುವ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಮಾತ್ರ. 46 ವಯಸ್ಸಿನ ಯಜಮಾನರ ವಿಮೆ ಸಾಮಾನ್ಯವಾಗಿ ಕೆಲಸದ ಕಡೆಯದಾಗಿರುತ್ತದೆ, ಆದ್ದರಿಂದ ವಿಮಾ ಕಂಪನಿಯನ್ನೇ ಮುಂಚಿತವಾಗಿ ಕೇಳಬೇಕು.

ಪ್ರಶ್ನೆ: ತಂದೆಯವರಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಇದೆ. ಮಾರ್ಫಿನ್ ಕೊಡಕೂಡದು ಎಂದು ಒಪ್ಪಿಗೆ ಪತ್ರದಲ್ಲಿ ಬರೆಸಬೇಕೇ? ಅದು ಚಟ ಹತ್ತಿಸುತ್ತದೆ ಎಂದು ನೆಂಟರು ಹೇಳುತ್ತಾರೆ. — ಓದುಗರು, ಮಂಡ್ಯ

ಉತ್ತರ: ಹಾಗೆ ಬರೆಸಬೇಡಿ. ಹಿಂದೆ ಅದರಿಂದ ತೊಂದರೆಯಾಗಿಲ್ಲ, ವ್ಯಸನದ ಇತಿಹಾಸವಿಲ್ಲ ಎಂದಾದರೆ, ದೊಡ್ಡ ಹೊಟ್ಟೆ ಆಪರೇಷನ್ನಿನ ಮೊದಲ ಕೆಲವು ದಿನ ಆಸ್ಪತ್ರೆಯ ನಿಗಾದಲ್ಲಿ ಅಳತೆಯಿಂದ ಕೊಡುವ ಮಾರ್ಫಿನ್‌ಗೆ ಹೆದರಬೇಕಾಗಿಲ್ಲ. ನಮ್ಮ ದೇಶದಲ್ಲಿ ಬಹುಕಾಲ ಇದ್ದ ಕೊರತೆ ಇದರ ತದ್ವಿರುದ್ಧದ್ದು: 1985ರ ಎನ್.ಡಿ.ಪಿ.ಎಸ್. ಕಾಯ್ದೆಯ ಕಟ್ಟುಪಾಡುಗಳಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗದೆ ಅವರು ನರಳಿದರು. ಆ ತೊಡಕನ್ನು ಸಡಿಲಿಸಲೆಂದೇ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ನೀವು ಕೇಳಬೇಕಾದದ್ದು ಎಪಿಡ್ಯೂರಲ್ ಬಗ್ಗೆ. ಹೊಟ್ಟೆ ತೆರೆದು ಮಾಡುವ ಆಪರೇಷನ್ ಆದರೆ ಬೆನ್ನಿನಲ್ಲಿ ತೆಳುವಾದ ನಳಿಕೆ ಇಟ್ಟು ಮರಗಟ್ಟಿಸುವ ಔಷಧ ಹರಿಸುವುದರಿಂದ ನೋವು ಚೆನ್ನಾಗಿ ತಗ್ಗುತ್ತದೆ, ಓಪಿಯಾಯ್ಡ್ ಕಡಿಮೆ ಸಾಕಾಗುತ್ತದೆ, ಕರುಳು ಬೇಗ ಚಲಿಸಲಾರಂಭಿಸುತ್ತದೆ, ತಂದೆಯವರು ಧೈರ್ಯವಾಗಿ ಕೆಮ್ಮಿ ಕಫ ಹೊರಹಾಕಬಲ್ಲರು. ಲ್ಯಾಪರೊಸ್ಕೋಪಿಯಲ್ಲಿ ಮಾಡುವುದಾದರೆ ಎಪಿಡ್ಯೂರಲ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಹೊಟ್ಟೆಯ ಗೋಡೆಗೆ ಕೊಡುವ ಬ್ಲಾಕ್ ಸಾಕಾಗಬಹುದು. ರಕ್ತ ತೆಳುವಾಗಿಸುವ ಔಷಧಗಳನ್ನು ಅವರು ತೆಗೆದುಕೊಳ್ಳುತ್ತಿದ್ದರೆ ಎಪಿಡ್ಯೂರಲ್‌ಗೆ ಮೊದಲು ಅವನ್ನು ಎಷ್ಟು ದಿನ ನಿಲ್ಲಿಸಬೇಕೆಂಬುದನ್ನು ಅರಿವಳಿಕೆ ತಜ್ಞರೇ ಹೇಳಬೇಕು. ಆ ಮಾತ್ರೆಗಳ ಪಟ್ಟಿಯನ್ನು ಈ ವಾರವೇ ಅವರಿಗೆ ತೋರಿಸಿ.